ಚಿತ್ರವನ್ನು ಬಚ್ಚಿಡುವ ಚೌಕಗಳು



ಗುಟ್ಟಿನ ಬರವಣಿಗೆಯ ಇತಿಹಾಸವೆಂದೊಡನೆ ನಮ್ಮ ಮನಸ್ಸಿಗೆ ಬರುವುದು ರಾಜರು, ದೂತರು, ಯುದ್ಧಕಾಲದ ಸಂದೇಶಗಳು. ನಾನು ಈ ಹೊತ್ತು ಹೇಳಹೊರಟಿರುವುದು ಅಂಥ ರೋಮಾಂಚಕ ಕಥೆಯಲ್ಲ. ಚಿತ್ರವೊಂದನ್ನು ಅನ್ಯರ ಕಣ್ಣಿಗೆ ಬೀಳದಂತೆ ಮರೆಮಾಡಲು, ಚೌಕಾಬಾರದ ಮನೆಗಳಂಥ ಪುಟ್ಟ ಪುಟ್ಟ ಚೌಕಗಳನ್ನು ನಂಬಿದ ಕೆಲವು ಗಣಿತಜ್ಞರ ಕಥೆ ಇದು. ಅವರು ಗೆದ್ದದ್ದು ಕಡಮೆ, ಸೋತದ್ದು ಹೆಚ್ಚು. ಆದರೂ ಈ ಸೋಲುಗಳ ಸಾಲಿನಿಂದ ನಾವು ಕಲಿಯಬೇಕಾದ ಮಾತೊಂದಿದೆ. ಅದನ್ನು ಕಲಿಯುವ ಮೊದಲು ನಾನೂ ಒಮ್ಮೆ ಎಡವಿದವನೇ. ಆ ಸಂಗತಿಯನ್ನು ಅದರ ಸ್ಥಳ ಬಂದಾಗ ಒಪ್ಪಿಕೊಳ್ಳುತ್ತೇನೆ.

ಗಣಕಯಂತ್ರಕ್ಕೆ ಚಿತ್ರವೆಂದರೆ ಏನು ಎಂಬುದನ್ನು ಮೊದಲು ನೋಡೋಣ. 1957ರಲ್ಲಿ ಅಮೆರಿಕದ ನ್ಯಾಷನಲ್ ಬ್ಯೂರೋ ಆಫ್ ಸ್ಟಾಂಡರ್ಡ್ಸ್ ಸಂಸ್ಥೆಯಲ್ಲಿ ರಸೆಲ್ ಕರ್ಷ್ ಎಂಬಾತ ತನ್ನ ಮೂರು ತಿಂಗಳ ಮಗುವಿನ ಭಾವಚಿತ್ರವೊಂದನ್ನು ಯಂತ್ರದೊಳಕ್ಕೆ ಇಳಿಸಿದ. ಐದು ಸೆಂಟಿಮೀಟರ್ ಚದರದ ಆ ಚಿತ್ರವನ್ನು 176 ಸಾಲುಗಳಾಗಿ, ಒಂದೊಂದು ಸಾಲನ್ನೂ 176 ಮನೆಗಳಾಗಿ ಸೀಳಿದರು. ಒಟ್ಟು 30,976 ಮನೆಗಳು. ಮನೆ ಕಪ್ಪಾಗಿದ್ದರೆ ಒಂದು ಅಂಕೆ, ಬಿಳಿಯಾಗಿದ್ದರೆ ಇನ್ನೊಂದು. ನಗುವ ಮಗುವಿನ ಮುಖ ಸೊನ್ನೆ-ಒಂದುಗಳ ಹಾಸಾಗಿ ಯಂತ್ರದಲ್ಲಿ ನಿಂತಿತು. ಇಂದು ಆಸ್ಪತ್ರೆಯಲ್ಲಿ ತೆಗೆಯುವ ಎಕ್ಸ್‌-ರೇ, ನಮ್ಮ ಕೈಯ ಫೋನಿನಲ್ಲಿರುವ ಮೊಮ್ಮಕ್ಕಳ ಚಿತ್ರ, ಎಲ್ಲವೂ ಇದೇ ಹಾಸಿನ ವಂಶದವು. ಮನೆಗಳ ಸಂಖ್ಯೆ ಬೆಳೆದಿದೆ, ಬಣ್ಣಗಳು ಬಂದಿವೆ, ಅಷ್ಟೆ.

ಅಂಕೆಗಳನ್ನು ಬಚ್ಚಿಡುವ ವಿದ್ಯೆ ಹಳೆಯದಾದರೂ ಚಿತ್ರವನ್ನು ಬಚ್ಚಿಡುವುದರಲ್ಲಿ ಒಂದು ವಿಶೇಷ ತೊಡಕಿದೆ. ಚಿತ್ರದಲ್ಲಿ ನೆರೆಮನೆಗಳು ಸಾಮಾನ್ಯವಾಗಿ ಒಂದನ್ನೊಂದು ಹೋಲುತ್ತವೆ. ಆಕಾಶದ ಪಕ್ಕದಲ್ಲಿ ಆಕಾಶ, ಗೋಡೆಯ ಪಕ್ಕದಲ್ಲಿ ಗೋಡೆ. ಲಿನಕ್ಸ್ ಎಂಬ ಗಣಕ ವ್ಯವಸ್ಥೆಯ ಲಾಂಛನವಾದ ಪೆಂಗ್ವಿನ್ ಹಕ್ಕಿಯ ಚಿತ್ರವನ್ನು ಬಳಸಿ ಈ ತೊಡಕನ್ನು ಇಂದಿಗೂ ವಿದ್ಯಾರ್ಥಿಗಳಿಗೆ ತೋರಿಸುತ್ತಾರೆ. ಒಳ್ಳೆಯದೇ ಆದ ಗೂಢಲಿಪಿಯೊಂದರಿಂದ ಆ ಚಿತ್ರದ ತುಂಡು ತುಂಡನ್ನೂ ಬೇರೆಬೇರೆಯಾಗಿ, ಒಂದೇ ಕೀಲಿಯಿಂದ ಮುಚ್ಚಿದರೂ ಹಕ್ಕಿ ಮಾಯವಾಗುವುದಿಲ್ಲ. ಒಂದೇ ಬಗೆಯ ತುಂಡುಗಳು ಒಂದೇ ಬಗೆಯಾಗಿ ಮಾರ್ಪಡುವುದರಿಂದ ಬಣ್ಣಗಳು ಬೇರೆಯಾದರೂ ಹಕ್ಕಿಯ ಹೊಟ್ಟೆ, ಕೊಕ್ಕು, ಪಾದಗಳ ರೇಖೆ ಹಾಗೆಯೇ ಉಳಿಯುತ್ತದೆ. ಮುಸುಕು ಹಾಕಿಕೊಂಡ ಪರಿಚಿತನನ್ನು ನಡಿಗೆಯಿಂದ ಗುರುತಿಸಿದ ಹಾಗೆ!

ಈ ತೊಡಕಿನ ಮೂಲಸೂತ್ರವನ್ನು 1949ರಷ್ಟು ಹಿಂದೆಯೇ ಕ್ಲಾಡ್ ಶಾನನ್ ತನ್ನ ಪ್ರಸಿದ್ಧ ಪ್ರಬಂಧದಲ್ಲಿ ವಿವರಿಸಿದ್ದ. ಒಳ್ಳೆಯ ಗೂಢಲಿಪಿ ಎರಡು ಕೆಲಸ ಮಾಡಬೇಕು. ಕೀಲಿಗೂ ಫಲಕ್ಕೂ ಇರುವ ಸಂಬಂಧವನ್ನು ಅದು ಗೋಜಲು ಮಾಡಬೇಕು. ಒಂದು ಕಡೆಯ ಸಣ್ಣ ವ್ಯತ್ಯಾಸವನ್ನು ಇಡೀ ಸಂದೇಶದ ಮೇಲೆ ಹರಡಬೇಕು. ನೆರೆಮನೆಗಳ ಸ್ನೇಹವನ್ನು ಮುರಿಯಲು ನೆರೆಮನೆಗಳನ್ನೇ ಬಳಸಿಕೊಂಡರೆ ಹೇಗೆ? ಮುಂದೆ ಬಂದ ಪ್ರಯತ್ನಗಳ ಬೀಜ ಈ ಪ್ರಶ್ನೆಯಲ್ಲಿದೆ.

ಅದಕ್ಕೆ ಬೇಕಾದ ಸಾಧನ ಬೇರೊಂದು ಉದ್ದೇಶಕ್ಕಾಗಿ ಆಗಲೇ ಹುಟ್ಟಿತ್ತು. ಹಂಗೇರಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಜಾನ್ ಫಾನ್ ನಾಯ್‌ಮನ್, ಒಂದು ಯಂತ್ರ ತನ್ನಂಥದೇ ಇನ್ನೊಂದನ್ನು ಹೆರಬಲ್ಲುದೆ ಎಂದು 1940ರ ದಶಕದ ಕೊನೆಯಲ್ಲಿ ಯೋಚಿಸುತ್ತಿದ್ದ. ತೇಲಾಡುವ ಬಿಡಿಭಾಗಗಳನ್ನು ಆಯ್ದು ಜೋಡಿಸುವ ಯಂತ್ರವನ್ನು ಆತ ಮೊದಲು ಕಲ್ಪಿಸಿಕೊಂಡಿದ್ದ. ಆ ಕಲ್ಪನೆ ಲೆಕ್ಕಕ್ಕೆ ಒಗ್ಗಲಿಲ್ಲ. ಆಗ ಆತನ ಗೆಳೆಯ ಸ್ಟಾನಿಸ್ಲಾವ್ ಉಲಾಮ್, ಬಿಡಿಭಾಗಗಳನ್ನು ಬಿಟ್ಟು ಚೌಕಗಳ ಹಾಸನ್ನು ಹಿಡಿಯುವಂತೆ ಸೂಚಿಸಿದ. ಪ್ರತಿ ಚೌಕವೂ ಒಂದು ಸ್ಥಿತಿಯಲ್ಲಿರುತ್ತದೆ. ಗಡಿಯಾರ ಒಮ್ಮೆ ಮಿಡಿದಾಗ ತನ್ನ ನೆರೆಹೊರೆಯನ್ನು ನೋಡಿ ಹೊಸ ಸ್ಥಿತಿಗೆ ಬರುತ್ತದೆ. ಎಲ್ಲ ಚೌಕಗಳಿಗೂ ನಿಯಮ ಒಂದೇ. ಇಷ್ಟೇ ಅದರ ವ್ಯವಸ್ಥೆ. ಇಂಗ್ಲಿಷಿನವರು ಸೆಲ್ಯುಲರ್ ಆಟೊಮ್ಯಾಟನ್ ಎಂದು ಕರೆಯುವ ಇದನ್ನು ನಾವು ಕೋಶಯಂತ್ರ ಎನ್ನೋಣ. ಫಾನ್ ನಾಯ್‌ಮನ್ ತನ್ನ ಮನೆಗಳಿಗೆ 29 ಸ್ಥಿತಿಗಳನ್ನು ಕೊಟ್ಟು ಸ್ವಯಂ ಸಂತಾನವುಳ್ಳ ಯಂತ್ರದ ನಕ್ಷೆ ಬರೆಯತೊಡಗಿದ. 1957ರಲ್ಲಿ ಆತ ತೀರಿಕೊಂಡ. ಉಳಿದುಹೋದ ಹಸ್ತಪ್ರತಿಯನ್ನು ಆರ್ಥರ್ ಬರ್ಕ್ಸ್ ಪೂರ್ಣಗೊಳಿಸಿ 1966ರಲ್ಲಿ ಪ್ರಕಟಿಸಿದ.

ಈ ವಿದ್ಯೆ ಪಂಡಿತರ ಕೋಣೆಯಿಂದ ಬೀದಿಗೆ ಬಂದದ್ದು 1970ರಲ್ಲಿ. ಇಂಗ್ಲೆಂಡಿನ ಜಾನ್ ಕಾನ್ವೇ ರಚಿಸಿದ 'ಲೈಫ್' ಎಂಬ ಆಟವನ್ನು ಆ ವರ್ಷದ ಅಕ್ಟೋಬರಿನಲ್ಲಿ ಮಾರ್ಟಿನ್ ಗಾರ್ಡ್‌ನರ್ ತನ್ನ ಗಣಿತ ವಿನೋದದ ಅಂಕಣದಲ್ಲಿ ಪರಿಚಯಿಸಿದ. ಎಂಟು ನೆರೆಮನೆಗಳಲ್ಲಿ ಮೂರು ಜೀವಂತವಾಗಿದ್ದರೆ ಖಾಲಿ ಮನೆಯಲ್ಲಿ ಜೀವ ಹುಟ್ಟುತ್ತದೆ, ಎರಡೋ ಮೂರೋ ಇದ್ದರೆ ಇರುವ ಜೀವ ಉಳಿಯುತ್ತದೆ, ಇಲ್ಲವಾದರೆ ಸಾಯುತ್ತದೆ. ಇಷ್ಟು ಸರಳ ಕಟ್ಟಳೆಯಿಂದ ಎಷ್ಟು ವಿಚಿತ್ರವಾದ ಲೋಕ ತೆರೆದುಕೊಂಡಿತೆಂದರೆ, ಹಲವರು ಊಟ ನಿದ್ದೆ ಬಿಟ್ಟು ಅದರ ಹಿಂದೆ ಬಿದ್ದರು.

ಗುಟ್ಟಿನ ವಿದ್ಯೆಗೆ ಇದನ್ನು ತಂದವನು ಸ್ಟೀಫನ್ ವುಲ್ಫ್ರಮ್. ಫಾನ್ ನಾಯ್‌ಮನ್ ಒಂದು ಕಾಲದಲ್ಲಿ ಪ್ರಾಧ್ಯಾಪಕನಾಗಿದ್ದ ಪ್ರಿನ್ಸ್‌ಟನ್ನಿನ ಉನ್ನತ ಅಧ್ಯಯನ ಸಂಸ್ಥೆಯಲ್ಲಿಯೇ ಆತ 1980ರ ದಶಕದಲ್ಲಿ ಕೆಲಸ ಮಾಡುತ್ತಿದ್ದ. ಹಾಸನ್ನು ಬಿಟ್ಟು ಒಂದೇ ಒಂದು ಸಾಲಿನ ಕಪ್ಪು-ಬಿಳುಪು ಮನೆಗಳನ್ನು ಆತ ಎತ್ತಿಕೊಂಡ. ಪ್ರತಿ ಮನೆ ನೋಡುವುದು ತನ್ನನ್ನೂ ಎಡ ಬಲದ ಒಂದೊಂದು ಮನೆಯನ್ನೂ. ಮೂರು ಮನೆಗಳು ಎಂಟು ಬಗೆಯಲ್ಲಿರಬಹುದು. ಒಂದೊಂದು ಬಗೆಗೂ ಕಪ್ಪೋ ಬಿಳುಪೋ ಉತ್ತರವಾಗುವುದರಿಂದ ಒಟ್ಟು 256 ನಿಯಮಗಳು. ಅವುಗಳಿಗೆ ಆತ ಅಂಕೆಯ ಹೆಸರಿಟ್ಟ. ಅವುಗಳಲ್ಲಿ ಹೆಸರಾದದ್ದು ಮೂವತ್ತನೆಯ ನಿಯಮ.

ಈ ನಿಯಮವನ್ನು ಶ್ರೋತೃಗಳು ಗೀಟು ಹಾಕಿದ ಕಾಗದದ ಮೇಲೆ ತಾವೇ ಆಡಿ ನೋಡಬಹುದು. ಎಡಮನೆ ಬಿಳಿಯಾಗಿದ್ದರೆ, ನೀನಾಗಲಿ ನಿನ್ನ ಬಲಮನೆಯಾಗಲಿ ಕಪ್ಪಾಗಿದ್ದಲ್ಲಿ ಕಪ್ಪಾಗು. ಎಡಮನೆ ಕಪ್ಪಾಗಿದ್ದರೆ, ನೀನೂ ಬಲಮನೆಯೂ ಇಬ್ಬರೂ ಬಿಳಿಯಾಗಿದ್ದಲ್ಲಿ ಮಾತ್ರ ಕಪ್ಪಾಗು. ಒಂದೇ ಒಂದು ಕಪ್ಪು ಮನೆಯಿಂದ ಆರಂಭಿಸಿ. ಕಪ್ಪನ್ನು ಒಂದು, ಬಿಳುಪನ್ನು ಸೊನ್ನೆ ಎಂದು ಬರೆದರೆ ಎರಡನೆಯ ಸಾಲು 111, ಮೂರನೆಯದು 11001, ನಾಲ್ಕನೆಯದು 1101111, ಐದನೆಯದು 110010001. ಹೀಗೆ ತ್ರಿಕೋನವೊಂದು ಕೆಳಗೆ ಹರಡುತ್ತದೆ. ಎಡಬದಿಯಲ್ಲಿ ಕಸೂತಿಯಂಥ ಕ್ರಮ ಕಾಣುತ್ತದೆ. ನಡುವಿನಲ್ಲಿ ಕ್ರಮವೆಂಬುದೇ ಕಾಣದು. ಸಮುದ್ರದ ಒಂದು ಜಾತಿಯ ಶಂಖುಹುಳುವಿನ ಚಿಪ್ಪಿನ ಮೇಲೆ ಇದನ್ನೇ ಹೋಲುವ ಚಿತ್ತಾರವಿದೆ. ನಡುವಣ ಕಂಬವನ್ನು ಮೇಲಿನಿಂದ ಕೆಳಕ್ಕೆ ಓದಿದರೆ 1, 1, 0, 1, 1 ಎಂದು ಸಾಗುವ ಅಂಕೆಗಳು ನಾಣ್ಯ ಚಿಮ್ಮಿ ಬರೆದವೇನೋ ಎಂಬಂತಿರುತ್ತವೆ. ಅವು ಎಂದಾದರೂ ಒಂದು ಆವರ್ತಕ್ಕೆ ಬೀಳುತ್ತವೆಯೆ ಎಂಬ ಪ್ರಶ್ನೆಗೆ ಉತ್ತರ ಸಿಗದೆ, 2019ರಲ್ಲಿ ವುಲ್ಫ್ರಮ್ ಅದಕ್ಕೆ ಬಹುಮಾನವನ್ನೇ ಘೋಷಿಸಿದ.

1985ರಲ್ಲಿ ಸಾಂಟಾ ಬಾರ್ಬರಾ ಊರಿನಲ್ಲಿ ಸೇರಿದ ಗೂಢಲಿಪಿ ತಜ್ಞರ ಮುಂದೆ ವುಲ್ಫ್ರಮ್ ತನ್ನ ಸಲಹೆಯನ್ನಿಟ್ಟ. ಕೋಶಗಳ ಒಂದು ವರ್ತುಲದ ಆರಂಭಸ್ಥಿತಿಯೇ ಕೀಲಿ. ಅದನ್ನು ಮೂವತ್ತನೆಯ ನಿಯಮದಂತೆ ನಡೆಸಿ, ಒಂದು ಕಂಬದ ಅಂಕೆಗಳನ್ನು ಸಾಲಾಗಿ ಹಿಡಿದುಕೊಳ್ಳಬೇಕು. ಅವುಗಳನ್ನು ಸಂದೇಶದ ಅಥವಾ ಚಿತ್ರದ ಅಂಕೆಗಳ ಪಕ್ಕದಲ್ಲಿಟ್ಟು, ಕಂಬದ ಅಂಕೆ ಒಂದಾಗಿದ್ದಲ್ಲಿ ಚಿತ್ರದ ಅಂಕೆಯನ್ನು ತಿರುವಬೇಕು. ಸೊನ್ನೆಯಾಗಿದ್ದಲ್ಲಿ ಹಾಗೆಯೇ ಬಿಡಬೇಕು. ಮುಖ ಮರಳಾಗುತ್ತದೆ. ಅದೇ ಕೀಲಿಯಿಂದ ಅದೇ ಕೆಲಸವನ್ನು ಮತ್ತೊಮ್ಮೆ ಮಾಡಿದರೆ ಮರಳು ಮುಖವಾಗುತ್ತದೆ. ಎಷ್ಟು ಅಗ್ಗದ, ಎಷ್ಟು ಚೆಲುವಾದ ಉಪಾಯ! ಚೌಕಗಳ ಹಾಸಾದ ಚಿತ್ರಕ್ಕೆ ಚೌಕಗಳ ಸಾಲೇ ಬೀಗ.

ಈ ಬೀಗಕ್ಕೆ ಆರು ವರ್ಷಗಳಲ್ಲಿ ಕಳ್ಳಕೀಲಿ ಸಿದ್ಧವಾಯಿತು. 1991ರಲ್ಲಿ ಸ್ವಿಟ್ಜರ್ಲೆಂಡಿನ ವಿಲ್ಲಿ ಮೈಯರ್ ಮತ್ತು ಒಥ್ಮಾರ್ ಸ್ಟಾಫೆಲ್‌ಬಾಕ್ ನಿಯಮವನ್ನು ಹಿಂದುಮುಂದಾಗಿ ಓದಿದರು. ಒಂದು ಮನೆಯ ಹೊಸ ಬಣ್ಣ, ಅದರ ಹಳೆಯ ಬಣ್ಣ, ಬಲಮನೆಯ ಬಣ್ಣ, ಇಷ್ಟು ತಿಳಿದರೆ ಎಡಮನೆಯ ಬಣ್ಣ ತಾನಾಗಿಯೇ ಗೊತ್ತಾಗುತ್ತದೆ. ಹಾಗಾದರೆ ಪಕ್ಕಪಕ್ಕದ ಎರಡು ಕಂಬಗಳು ದೊರೆತವನಿಗೆ ಎಡಗಡೆಯ ಇಡೀ ಲೋಕವೇ ದೊರೆತಂತೆ. ಒಂದು ಕಂಬ ಚಿತ್ರದ ಭಾಗವನ್ನು ಮೊದಲೇ ಬಲ್ಲ ಎದುರಾಳಿಯ ಕೈಯಲ್ಲಿದೆ. ಇನ್ನೊಂದನ್ನು ಊಹಿಸಬೇಕು. ಆ ಊಹೆಯೂ ಅಂಜಿದಷ್ಟು ಕಠಿಣವಲ್ಲ. ಏಕೆಂದರೆ ಬಲಬದಿಯ ಬೇರೆಬೇರೆ ಆರಂಭಗಳಲ್ಲಿ ಅನೇಕವು ಒಂದೇ ಕಂಬವನ್ನು ಹುಟ್ಟಿಸುತ್ತವೆ. ಕೀಲಿಯ ಉದ್ದ 300ರಿಂದ 500 ಅಂಕೆಗಳವರೆಗೆ ಇದ್ದರೆ ಸಣ್ಣ ಗಣಕಗಳಿಂದಲೇ ಅದನ್ನು ಬಿಡಿಸಬಹುದೆಂದೂ, ಬಲಿಷ್ಠ ಎದುರಾಳಿಯಿಂದ ಉಳಿಯಬೇಕಾದರೆ ಸುಮಾರು 1000 ಅಂಕೆಗಳು ಬೇಕೆಂದೂ ಅವರು ತೋರಿಸಿದರು. ಚಿತ್ತಾರವನ್ನು ಚೆಲುವಾಗಿ ಕೆದರಿದ ಗುಣವೇ ಬೀಗದ ಬಿರುಕೂ ಆಗಿತ್ತು.

ನಮ್ಮ ದೇಶಕ್ಕೂ ಈ ಕಥೆಯಲ್ಲಿ ಗೌರವದ ಪಾತ್ರವಿದೆ. ಖರಗ್‌ಪುರದ ಐ.ಐ.ಟಿ.ಯಲ್ಲಿ ಪಿ. ಪಾಲ್ ಚೌಧುರಿಯವರೂ ಅವರ ಶಿಷ್ಯರೂ ಕೋಶಯಂತ್ರಗಳನ್ನು ವರ್ಷಗಟ್ಟಲೆ ಶ್ರದ್ಧೆಯಿಂದ ಅಭ್ಯಾಸ ಮಾಡಿದರು. ಮನೆಮನೆಗೂ ಬೇರೆ ನಿಯಮವನ್ನು ಕೊಟ್ಟು, ಅವುಗಳ ನಡೆಯನ್ನು ಬೀಜಗಣಿತದಿಂದ ಪೂರ್ತಿಯಾಗಿ ಅಳೆಯಬಲ್ಲ ಶಾಸ್ತ್ರವೊಂದನ್ನು ಕಟ್ಟಿದರು. ವಿದ್ಯುನ್ಮಂಡಲಗಳ ಪರೀಕ್ಷೆಯಂಥ ಕಾರ್ಯಗಳಿಗೆ ಅದರಿಂದ ಪ್ರಯೋಜನವೂ ಆಯಿತು. ನಂದಿ, ಕರ್ ಮತ್ತು ಪಾಲ್ ಚೌಧುರಿ 1994ರಲ್ಲಿ ಅದನ್ನು ಗೂಢಲಿಪಿಗೆ ಅನ್ವಯಿಸಿ ಲೇಖನ ಬರೆದರು. ಆದರೆ ಬೀಜಗಣಿತದಿಂದ ಪೂರ್ತಿಯಾಗಿ ಅಳೆಯಬಹುದಾದ ಗುಟ್ಟು ಎದುರಾಳಿಯ ಅಳತೆಗೂ ಸಿಗುತ್ತದೆ. 1997ರಲ್ಲಿ ಬ್ಲಾಕ್‌ಬರ್ನ್, ಮರ್ಫಿ, ಪ್ಯಾಟರ್‌ಸನ್ ಎಂಬ ಮೂವರು ಅದೇ ಪತ್ರಿಕೆಯಲ್ಲಿ, ಆ ಕಟ್ಟಡವೆಲ್ಲ ಏಕಘಾತ ಸಮೀಕರಣಗಳ ಮೇಲೆ ನಿಂತಿರುವುದನ್ನು ತೋರಿಸಿದರು. ಪ್ರೌಢಶಾಲೆಯಲ್ಲಿ ನಾವು ಎರಡು ಅಜ್ಞಾತಗಳ ಸಮೀಕರಣ ಬಿಡಿಸಿದ ರೀತಿಯನ್ನೇ ದೊಡ್ಡದಾಗಿ ಬಳಸಿದರೆ ಬೀಗ ತೆರೆಯುತ್ತದೆ. ಅವರ ಟಿಪ್ಪಣಿ ಎರಡೇ ಪುಟದ್ದು.

ಇನ್ನು ಕೆಲವರು ಬೇರೆ ಹಾದಿ ಹಿಡಿದರು. ಚಿತ್ರಕ್ಕೆ ಹೊರಗಿನಿಂದ ಮರಳು ಎರಚುವ ಬದಲು ಚಿತ್ರವನ್ನೇ ಕೋಶಯಂತ್ರದ ಆರಂಭಸ್ಥಿತಿಯಾಗಿಟ್ಟು ನಡೆಸಿಬಿಟ್ಟರಾಗದೆ? ಆದರೆ ಇಲ್ಲೊಂದು ಅಡ್ಡಿಯಿದೆ. ಕಾನ್ವೇಯ ಆಟದಂಥ ನಿಯಮಗಳಲ್ಲಿ ಬೇರೆಬೇರೆ ನಿನ್ನೆಗಳು ಒಂದೇ ಇಂದಿಗೆ ಬಂದು ಸೇರುತ್ತವೆ, ಹಿಂದಿರುಗುವ ದಾರಿಯಿಲ್ಲ. ಯಾವ ನಿನ್ನೆಯೂ ಇಲ್ಲದ ಸ್ಥಿತಿಗಳೂ ಅಲ್ಲಿ ಉಂಟು. ಬೈಬಲಿನ ಈಡನ್ ತೋಟದ ಹೆಸರನ್ನೇ ಅವಕ್ಕೆ ಕೊಡಲಾಗಿದೆ. ಮುಚ್ಚಿದ್ದನ್ನು ತೆರೆಯಲಾಗದಿದ್ದರೆ ಅದು ಬೀಗವಲ್ಲ, ಸಮಾಧಿ. ಎಡ್ವರ್ಡ್ ಫ್ರೆಡ್ಕಿನ್ ಇದಕ್ಕೊಂದು ಜಾಣ ಪರಿಹಾರ ಸೂಚಿಸಿದ. ನಾಳಿನ ಬಣ್ಣವನ್ನು ಇಂದಿನ ನೆರೆಹೊರೆಯಿಂದ ಲೆಕ್ಕ ಹಾಕು. ನಿನ್ನೆ ಆ ಮನೆ ಕಪ್ಪಾಗಿದ್ದರೆ ಬಂದ ಉತ್ತರವನ್ನು ತಿರುವು. ಆಗ ನಿಯಮ ಯಾವುದೇ ಇರಲಿ, ನಾಳೆ ಮತ್ತು ಇಂದು ತಿಳಿದವನು ನಿನ್ನೆಗೆ ಹಿಂದಿರುಗಬಲ್ಲ. ಇಂಥ ಯುಕ್ತಿಯಿಲ್ಲದೆ, ಎದುರಿಗಿಟ್ಟ ಹಾಸಿನ ನಿಯಮ ಹಿಂದಕ್ಕೆ ನಡೆಯಬಲ್ಲುದೇ ಎಂದು ನಿರ್ಧರಿಸುವ ಸಾಮಾನ್ಯ ವಿಧಾನವೇ ಇಲ್ಲವೆಂದು ಫಿನ್ಲೆಂಡಿನ ಯಾರ್ಕೊ ಕಾರಿ 1990ರಲ್ಲಿ ಸಿದ್ಧಪಡಿಸಿದ.

2000ದ ಈಚೆಗೆ ಚಿತ್ರಗೋಪನದ ಲೇಖನಗಳ ಪ್ರವಾಹವೇ ಹರಿಯಿತು. ಎಲ್ಲ ಲೇಖನಗಳಲ್ಲಿಯೂ ಒಂದೇ ಬಗೆಯ ಪುಟ. ಎಡಗಡೆ ಒಂದು ಮುಖ, ಬಲಗಡೆ ಬೂದುಬಣ್ಣದ ಮರಳು. ಕೆಳಗೆ ಕೆಲವು ಪರೀಕ್ಷೆಗಳು. ಛಾಯೆಗಳೆಲ್ಲ ಸಮನಾಗಿ ಹಂಚಿಹೋಗಿವೆ. ನೆರೆಮನೆಗಳ ಹೋಲಿಕೆ ಸೊನ್ನೆಗೆ ಇಳಿದಿದೆ. ಮೂಲದಲ್ಲಿ ಒಂದು ಚುಕ್ಕೆ ಬದಲಾದರೆ ಫಲದಲ್ಲಿ ನೂರಕ್ಕೆ 99.6ರಷ್ಟು ಚುಕ್ಕೆಗಳು ಬದಲಾಗುತ್ತವೆ. ಆದ್ದರಿಂದ ಗುಟ್ಟು ಭದ್ರ, ಎಂಬುದು ತೀರ್ಮಾನ.

ನನ್ನ ತಪ್ಪನ್ನು ಹೇಳುವ ಸ್ಥಳ ಇದು. ಆ ವರ್ಷಗಳಲ್ಲಿ ಒಂದು ತಾಂತ್ರಿಕ ಕಾಲೇಜಿನಲ್ಲಿ ನಾನು ಪರೀಕ್ಷಕನಾಗಿದ್ದೆ. ಹಳ್ಳಿಯ ಚಿಕಿತ್ಸಾಲಯದಿಂದ ಪಟ್ಟಣದ ವೈದ್ಯರಿಗೆ ಎಕ್ಸ್‌-ರೇ ಚಿತ್ರಗಳನ್ನು ಗುಟ್ಟಾಗಿ ಕಳುಹಿಸಬೇಕೆಂಬ ಸದುದ್ದೇಶದಿಂದ ಮೂವರು ಹುಡುಗರು ಮೂವತ್ತನೆಯ ನಿಯಮವನ್ನು ಬಳಸಿ ಒಂದು ವ್ಯವಸ್ಥೆ ಮಾಡಿದ್ದರು. ಪಕ್ಕೆಲುಬುಗಳ ಚಿತ್ರ ನನ್ನ ಕಣ್ಣೆದುರಿನಲ್ಲೇ ಮರಳಾಯಿತು. ಛಾಯೆಯ ನಕ್ಷೆ ಹಾಸಿದ ಚಾಪೆಯಂತೆ ಸಮನಾಗಿತ್ತು. ನಾನು ಮೆಚ್ಚಿ ಹೆಚ್ಚು ಅಂಕಗಳನ್ನು ಕೊಟ್ಟೆ. ಚಿಕಿತ್ಸಾಲಯಗಳಲ್ಲಿ ಬಳಸಲು ಯೋಗ್ಯವೆಂದು ಷರಾವನ್ನೂ ಬರೆದೆ.

ಮರುವರ್ಷ ಅದೇ ಕಾಲೇಜಿನ ಹುಡುಗಿಯೊಬ್ಬಳು ನನ್ನ ಬಳಿಗೆ ಬಂದಳು. "ಸಾರ್, ಆ ವ್ಯವಸ್ಥೆಯಿಂದ ಮುಚ್ಚಿದ ಎರಡು ಚಿತ್ರಗಳನ್ನು ಕೊಡಿಸುತ್ತೀರಾ? ಕೀಲಿ ಬೇಡ, ಮೂಲ ಚಿತ್ರವೂ ಬೇಡ" ಎಂದಳು. ಕೊಡಿಸಿದೆ. ಆಕೆ ಒಂದು ಮರಳನ್ನು ಇನ್ನೊಂದು ಮರಳಿನೊಡನೆ, ಅದೇ ತಿರುವುವ ಕ್ರಮದಿಂದ ಕೂಡಿಸಿದಳು. ಹುಡುಗರು ಎಲ್ಲ ಚಿತ್ರಗಳಿಗೂ ಒಂದೇ ಕೀಲಿಯನ್ನು ಬಳಸಿದ್ದರಿಂದ ಎರಡೂ ಕಡೆಯ ಕೀಲಿ ಒಂದನ್ನೊಂದು ಅಳಿಸಿಹಾಕಿತು. ಪರದೆಯ ಮೇಲೆ ಒಬ್ಬರ ಪಕ್ಕೆಲುಬುಗಳೂ ಇನ್ನೊಬ್ಬರ ಮುರಿದ ಮುಂಗೈಯೂ ಒಂದರ ಮೇಲೊಂದು ಸ್ಪಷ್ಟವಾಗಿ ಮೂಡಿದವು. ಆಕೆ ಮಾತಾಡಲಿಲ್ಲ, ನಾನೂ ಮಾತಾಡಲಿಲ್ಲ. ವ್ಯವಸ್ಥೆ ಇನ್ನೂ ಯಾವ ಚಿಕಿತ್ಸಾಲಯಕ್ಕೂ ಹೋಗಿರಲಿಲ್ಲವೆಂಬುದು ಪುಣ್ಯ. ಷರಾವನ್ನು ಹಿಂತೆಗೆದುಕೊಳ್ಳುವುದಾಗಿ ಆ ದಿನವೇ ಕಾಗದ ಬರೆದೆ.

ನಾನು ಮಾಡಿದ ತಪ್ಪು ಯಾವುದು? ಕಣ್ಣನ್ನು ನಂಬಿದ್ದು. ಮರಳಿನ ಒಂದು ಚಿತ್ರವನ್ನು ಎಷ್ಟು ಅಳೆದರೂ ಅದು ಮರಳೆಂಬುದಷ್ಟೇ ತಿಳಿಯುತ್ತದೆ. ಅದನ್ನು ಹಿಂದಕ್ಕೆ ತಿರುಗಿಸಬಲ್ಲವರು ಯಾರೂ ಇಲ್ಲವೆಂಬುದು ತಿಳಿಯುವುದಿಲ್ಲ. ಎದುರಾಳಿ ಚಿತ್ರದ ಮುಂದೆ ಕುಳಿತ ಪ್ರೇಕ್ಷಕನಲ್ಲ. ಅವನಿಗೆ ನಿಯಮ ಗೊತ್ತು, ಅವನ ಬಳಿ ಎರಡನೆಯ ಚಿತ್ರವಿರುತ್ತದೆ, ಸಮಯವಿರುತ್ತದೆ. ವಿಧಾನವೆಲ್ಲ ಶತ್ರುವಿಗೆ ತಿಳಿದರೂ ಕೀಲಿಯೊಂದರಿಂದಲೇ ಗುಟ್ಟು ಉಳಿಯಬೇಕೆಂದು ಆಗಸ್ಟ್ ಕರ್ಕ್‌ಹಾಫ್ಸ್ 1883ರಲ್ಲಿಯೇ ಹೇಳಿದ್ದ. ನಾನು ತರಗತಿಯಲ್ಲಿ ಅದನ್ನು ಪಾಠ ಮಾಡಿದ್ದೆ. ಪಾಠ ಮಾಡಿದ್ದನ್ನೆಲ್ಲ ಕಲಿತಿರುತ್ತೇವೆಂದು ಹೇಳುವ ಹಾಗಿಲ್ಲ.

ಹಾಗಾದರೆ ಕೋಶಯಂತ್ರಗಳ ಈ ಪರಿಶ್ರಮವೆಲ್ಲ ಹೊಳೆಯಲ್ಲಿ ಹುಣಿಸೆ ಕಿವುಚಿದಂತಾಯಿತೆ? ಇಲ್ಲ. 1989ರಲ್ಲಿ ಡೆನ್ಮಾರ್ಕಿನ ಈವಾನ್ ಡಾಮ್‌ಗೋರ್, ದಾಖಲೆಯೊಂದರ ಬೆರಳಚ್ಚಿನಂಥ ಸಂಕ್ಷಿಪ್ತ ಗುರುತನ್ನು ವುಲ್ಫ್ರಮ್‌ನ ಕೋಶಯಂತ್ರದಿಂದ ಪಡೆಯುವ ಬಗೆಯೊಂದನ್ನು ಸೂಚಿಸಿದ. 1991ರಲ್ಲಿ ಬೆಲ್ಜಿಯಮ್ಮಿನ ಯೋನ್ ಡಾಮೆನ್ ಎಂಬ ತರುಣ ತನ್ನ ಇಬ್ಬರು ಸಹೋದ್ಯೋಗಿಗಳೊಡನೆ ಅದನ್ನು ಮುರಿದ. ಆದರೆ ಮುರಿದವನು ಅದರ ತಿರುಳನ್ನು ಎಸೆಯಲಿಲ್ಲ. ಪಕ್ಕದ ಮನೆ ಬಿಳಿಯಾಗಿದ್ದು ಅದರಾಚೆಯ ಮನೆ ಕಪ್ಪಾಗಿದ್ದರೆ ಮಾತ್ರ ನೀನು ಬಣ್ಣ ಬದಲಿಸು ಎಂಬ ಪುಟ್ಟ ನೆರೆಮನೆಯ ನಿಯಮವೊಂದನ್ನು ಆತ ಉಳಿಸಿಕೊಂಡ. ಅದೊಂದನ್ನೇ ನಂಬದೆ, ಅಂಕೆಗಳನ್ನು ದೂರದೂರಕ್ಕೆ ಚೆದರಿಸುವ ಬೇರೆ ಹೆಜ್ಜೆಗಳೊಡನೆ ಹೆಣೆದು, ಮತ್ತೆ ಮತ್ತೆ ನಡೆಸಿದ. ಆತನೂ ಜೊತೆಗಾರರೂ ರಚಿಸಿದ 'ಕೆಚಾಕ್' ಎಂಬ ವಿಧಾನ ಹಲವು ವರ್ಷಗಳ ಬಹಿರಂಗ ಸ್ಪರ್ಧೆಯಲ್ಲಿ, ಲೋಕದ ತಜ್ಞರೆಲ್ಲ ಒಡೆಯಲು ಯತ್ನಿಸಿದ ಮೇಲೆ, 2012ರಲ್ಲಿ ಗೆದ್ದು 2015ರಲ್ಲಿ ಅಮೆರಿಕದ ಅಧಿಕೃತ ಮಾನಕವಾಯಿತು. ಪುಟ್ಟ ಸಾಧನಗಳ ಗುಟ್ಟು ಕಾಯಲು 2023ರಲ್ಲಿ ಆಯ್ಕೆಯಾದ 'ಆಸ್ಕಾನ್' ಎಂಬುದರ ಒಡಲಲ್ಲಿಯೂ ಅದೇ ನೆರೆಮನೆಯ ನಿಯಮ ಅಡಗಿದೆ.

ಚಿತ್ರವನ್ನು ಬಚ್ಚಿಡಬೇಕಾದವರಿಗೆ ಇಂದು ಭದ್ರವಾದ ಸಾಮಾನ್ಯ ಗೂಢಲಿಪಿಗಳಿವೆ. ಅವುಗಳನ್ನು ಸರಿಯಾದ ಕ್ರಮದಲ್ಲಿ, ಪ್ರತಿ ಸಲವೂ ಹೊಸ ಆರಂಭದಿಂದ ಬಳಸಿದರೆ ಚಿತ್ರಕ್ಕೆಂದೇ ಬೇರೆ ಬೀಗ ಬೇಕಾಗುವುದಿಲ್ಲ. ಅವು ಭದ್ರವೆಂದು ನಾವು ನಂಬುವುದು ಅವುಗಳ ಮರಳು ಹೆಚ್ಚು ನುಣುಪಾಗಿದೆಯೆಂದಲ್ಲ, ಒಡೆಯಬಲ್ಲವರು ಬಹುಕಾಲ ಶ್ರಮಿಸಿ ಸೋತಿದ್ದಾರೆ ಎಂದು.

ಆ ಹುಡುಗಿ ನನಗೆ ತೋರಿಸಿದ ಪಕ್ಕೆಲುಬುಗಳು ಯಾರವೋ ನನಗೆ ತಿಳಿಯದು. ಯಾರೋ ತಾಯಿಯದಿರಬಹುದು, ತನ್ನ ಕಾಯಿಲೆಯನ್ನು ಊರಿಗೆ ಹೇಳಿಕೊಳ್ಳಲು ಇಷ್ಟವಿಲ್ಲದ ಯಾರೋ ದುಡಿಯುವ ಮನುಷ್ಯನದಿರಬಹುದು. ಅವರ ಗುಟ್ಟನ್ನು ಕಾಯುವ ಭಾರವನ್ನು ನಾವು ಹೊತ್ತಾಗ, ನಮ್ಮ ಕೆಲಸವನ್ನು ಮೆಚ್ಚುವವರಿಗಿಂತ ಮುರಿಯಬಲ್ಲವರನ್ನು ಮೊದಲು ಕರೆದು ಕೂರಿಸಬೇಕು. ಈಗ ಯಾರಾದರೂ ನನ್ನ ಮುಂದೆ ಬೂದುಬಣ್ಣದ ಮರಳಿನ ಚಿತ್ರವನ್ನಿಟ್ಟು ಅಭಿಪ್ರಾಯ ಕೇಳಿದರೆ ನಾನು ಚಿತ್ರವನ್ನು ನೋಡುವುದಿಲ್ಲ. ಅದೇ ಕೀಲಿಯಿಂದ ಮುಚ್ಚಿದ ಇನ್ನೊಂದು ಚಿತ್ರವಿದೆಯೇ ಎಂದು ಕೇಳುತ್ತೇನೆ.